ಆಕಳ ಕಿವಿಗೆ ನಂಬರ್ ಐತಿ, ದೋಣಿಗೆ ಯಾಕಿಲ್ಲ?

ಕಳೆದ ಭಾನುವಾರ ನಮ್ಮ ಕಡೆಯ ಒಂದು ಕೆರೆಗೆ ಹೋಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಏನಾಗುತ್ತದೆ ಅಂತ ಗೊತ್ತು: ಮರುದಿನ ಯಾರೋ ಬಂದು ಆ ಒಬ್ಬ ಬಡವನ ದೋಣಿ ನಿಲ್ಲಿಸಿ, ಫೋಟೊ ಹೊಡೆಸಿಕೊಂಡು ಹೋಗುತ್ತಾರೆ. ಉಳಿದ ಕೆರೆಗಳಲ್ಲಿ ಎಲ್ಲವೂ ಇದ್ದಂತೆಯೇ ಇರುತ್ತದೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿಯಾದರೂ ಇರಬಹುದು ಅಂತ ಇಟ್ಟುಕೊಳ್ಳಿ.

ಹಂಸದ ಆಕಾರದ ಎರಡು ಪೆಡಲ್ ಬೋಟ್, ಒಂದು ಫೈಬರ್ ತೆಪ್ಪ, ಹಿಂದೆ ಸಣ್ಣ ಎಂಜಿನ್ ಕಟ್ಟಿದ ಒಂದು ಉದ್ದನೆಯ ದೋಣಿ. ಇಷ್ಟೇ. ಏರಿಯ ಮೇಲೆ ಗಿರಮಿಟ್ಟು, ಮಿರ್ಚಿ ಭಜಿ ಗಾಡಿ. ತೆಪ್ಪದ ಹತ್ತಿರ ಒಂದು ಜೋಡಿ ಪ್ರಿ-ವೆಡ್ಡಿಂಗ್ ಶೂಟ್‌ಗೆ ಬಂದು ನಿಂತಿತ್ತು. ಕ್ಯಾಮೆರಾದವನು ಹುಡುಗಿಗೆ ತೆಪ್ಪದ ಅಂಚಿನ ಮೇಲೆ ಕೂತು ಕಾಲು ನೀರಿಗೆ ಬಿಡಲು ಹೇಳುತ್ತಿದ್ದ. ಲೈಫ್ ಜಾಕೆಟ್ ನಾಲ್ಕಿದ್ದವು, ಗೂಟಕ್ಕೆ ನೇತು ಹಾಕಿದ್ದರು. ಬಿಸಿಲಿಗೆ ಬಣ್ಣ ಹೋಗಿ, ಎರಡರ ಬಕಲ್ ಮುರಿದಿತ್ತು. ಮಕ್ಕಳ ಅಳತೆಯದ್ದು ಒಂದೂ ಇರಲಿಲ್ಲ.

ದೋಣಿಯ ಕಾಕಾನನ್ನು ಕೇಳಿದೆ, "ಎಷ್ಟು ಮಂದಿನ ಕೂಡ್ರಸ್ತೀರಿ ಕಾಕಾ?"

"ದಿನಾ ಆದ್ರ ಆರು. ಹಬ್ಬಕ್ಕ ಹತ್ತು, ಹನ್ನೆರಡು. ಮಂದಿ ಬಿಡಂಗಿಲ್ಲ ತಮ್ಮಾ."

ಒಂದೇ ದೋಣಿ, ಅದೇ ನೀರು. ಹಬ್ಬ ಬಂದರೆ ಅದು ಎರಡು ಪಟ್ಟು ಹಿಡಿಯುತ್ತದಂತೆ!

ನಮ್ಮ ಊರುಗಳಲ್ಲಿ ಯಾವುದಕ್ಕೆ ನಂಬರ್ ಇಲ್ಲ ಹೇಳಿ. ಟ್ರ್ಯಾಕ್ಟರಿಗೆ ಆರ್‌ಸಿ ಇದೆ. ಶಾಲೆಯ ಬಸ್ಸಿಗೆ ಎಫ್‌ಸಿ ಮಾಡಿಸಬೇಕು. ಕಿರಾಣಿ ಅಂಗಡಿಯ ತಕ್ಕಡಿಗೆ, ಮಾರುಕಟ್ಟೆಯ ತೂಕದ ಕಾಟಾಕ್ಕೆ ಮಾಪನ ಇಲಾಖೆಯ ಮುದ್ರೆ ಬೇಕು. ಆಕಳ ಕಿವಿಗೆ ಹಳದಿ ಓಲೆ ಚುಚ್ಚಿ 12 ಅಂಕಿಯ ನಂಬರ್ ಹಾಕಿದ್ದಾರೆ. ಆದರೆ ನಿಮ್ಮ ಮಗಳನ್ನು, ಅವಳ ಜೊತೆ ಇನ್ನೂ ಹತ್ತು ಮಕ್ಕಳನ್ನು ಕೆರೆಯ ನಡುವಿಗೆ ಒಯ್ಯುವ ದೋಣಿಗೆ ನಂಬರಿಲ್ಲ, ಮುದ್ರೆಯಿಲ್ಲ. ಅದು ಎಷ್ಟು ಜನರನ್ನು ಹೊರಬಲ್ಲದು ಅಂತ ಹೇಳುವ ಒಂದು ಅಕ್ಷರವೂ ಅದರ ಮೇಲಿಲ್ಲ.

ಇದು ಈಗ ಯಾಕೆ ದೊಡ್ಡ ಮಾತು ಅಂದರೆ, ನಮ್ಮ ಕೆರೆಗಳು ಮೊದಲಿನಂತಿಲ್ಲ. ಹಿಂದೆ ಬೇಸಿಗೆ ಬಂದರೆ ಕೆರೆಯಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದೆವು. ಈಗ ಬಾಳಂಬೀಡ, ಶಿಗ್ಗಾವಿ, ಸರ್ವಜ್ಞ ಏತ ನೀರಾವರಿ ಅಂತ ಯೋಜನೆಗಳು ಬಂದು, ಹೊಳೆಯ ನೀರು ಎತ್ತಿ ಕೆರೆ ತುಂಬಿಸುವುದು ಶುರುವಾಗಿದೆ. ಒಳ್ಳೆಯದೇ ಆಯಿತು. ನೀರು ನಿಂತಲ್ಲಿ ಮೀನು ಬರುತ್ತದೆ, ಮೀನಿನ ಹಿಂದೆ ತೆಪ್ಪ ಬರುತ್ತದೆ, ತೆಪ್ಪ ಕಂಡ ಕೂಡಲೇ "ಬೋಟಿಂಗ್ ಮಾಡೋಣ" ಅನ್ನುವ ಮಾತು ಬರುತ್ತದೆ. ನನಗೂ ಬೋಟಿಂಗ್ ಬೇಕು. ನಮ್ಮ ಹುಡುಗರಿಗೆ ನಾಲ್ಕು ಕಾಸು ಸಿಗುತ್ತದೆ, ನಮ್ಮ ಮಕ್ಕಳಿಗೂ ಒಂದು ಸಂತೋಷ. ಅದಕ್ಕೇ ಜಗಳ ತೆಗೆಯುತ್ತಿದ್ದೇನೆ.

2016ರ ಸೆಪ್ಟೆಂಬರ್ 7 ನೆನಪಿದೆಯೇ? ಶಿವಮೊಗ್ಗದ ಹತ್ತಿರ ಹಾಡೋನಹಳ್ಳಿಯಲ್ಲಿ ಗಣಪತಿ ಬಿಡಲು ತೆಪ್ಪದಲ್ಲಿ ಹೋದ ಹುಡುಗರಲ್ಲಿ 12 ಮಂದಿ ತುಂಗಭದ್ರೆಯಲ್ಲಿ ಮುಳುಗಿ ಸತ್ತರು. ನಮ್ಮ ಜಿಲ್ಲೆಯ ಅಂಚು ಹಿಡಿದು ಹರಿಯುವ ಅದೇ ಹೊಳೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಮಂದಿ ಸತ್ತರು. ಅವರಲ್ಲಿ ನಮ್ಮ ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರಿದ್ದರು. ಆ ವಾರ ನಮ್ಮ ಊರುಗಳಲ್ಲಿ ಬೇರೆ ಮಾತಿರಲಿಲ್ಲ. ಆಮೇಲೆ ಬಿತ್ತನೆ ಬಂತು, ಚುನಾವಣೆ ಬಂತು, ಮರೆತೆವು.

ಬೇರೆ ರಾಜ್ಯದವರು ನಮಗಿಂತ ಜಾಣರೇನಲ್ಲ. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು 22 ಮಂದಿ ಸತ್ತರು. ಮೀನು ಹಿಡಿಯುವ ದೋಣಿಯನ್ನು ಕೊರೆದು, ಕಟ್ಟಿ, ಮೇಲೊಂದು ಅಂತಸ್ತು ಏರಿಸಿ ಪ್ರವಾಸಿ ದೋಣಿ ಮಾಡಿದ್ದರು. ಗುಜರಾತಿನ ವಡೋದರದ ಹರ್ಣಿ ಕೆರೆಯಲ್ಲಿ 2024ರ ಜನವರಿ 18ರಂದು ಶಾಲೆಯ ಪ್ರವಾಸಕ್ಕೆ ಬಂದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ಸಮುದ್ರವಲ್ಲ, ಮಹಾಪೂರ ಬಂದ ಹೊಳೆಯೂ ಅಲ್ಲ. ಊರೊಳಗಿನ ಕೆರೆ. ದೋಣಿಯಲ್ಲಿ ಹಿಡಿಯಬೇಕಾದದ್ದಕ್ಕಿಂತ ಹೆಚ್ಚು ಜನ, ಬಹಳ ಮಕ್ಕಳಿಗೆ ಜಾಕೆಟ್ ಇಲ್ಲ.

"ಕೆರಿ ನೀರು ಸುಮ್ನ ನಿಂತಿರತೈತಿ, ಏನಾಗತೈತಿ" ಅನ್ನುವವರಿಗೆ ಹರ್ಣಿಯ ಹೆಸರು ಹೇಳಿ.

ದೋಣಿ ಮಗುಚುವುದಕ್ಕೆ ಗಾಳಿ ಬೇಡ, ಅಲೆಯೂ ಬೇಡ. ತೆಪ್ಪ ದುಂಡಗೆ, ತಳ ಚಪ್ಪಟೆ. ಎಲ್ಲರೂ ತಳದಲ್ಲಿ ಕೂತಿರುವ ತನಕ ಅದು ಬಹಳ ಗಟ್ಟಿ. ನಾಲ್ಕು ಮಂದಿ ಎದ್ದು ಒಂದೇ ಅಂಚಿಗೆ ಬಂದರೆ ಆ ಅಂಚು ನೀರಿಗೆ ಇಳಿಯುತ್ತದೆ, ಒಂದು ಬಕೆಟ್ ನೀರು ಒಳಗೆ ಬರುತ್ತದೆ. ಆ ನೀರು ಸುಮ್ಮನೆ ಇರುವುದಿಲ್ಲ, ದೋಣಿ ಯಾವ ಕಡೆ ವಾಲಿತೋ ಅದೇ ಕಡೆಗೆ ಓಡುತ್ತದೆ. ಅಂಜಿದ ಜನ ಎದ್ದು ನಿಲ್ಲುತ್ತಾರೆ, ಅಲ್ಲಿಗೆ ಮುಗಿಯಿತು. ಗಣಪನನ್ನು ಇಳಿಸುವಾಗ ಆಗುವುದೂ ಇದೇ, ಸೆಲ್ಫಿ ತೆಗೆಯುವಾಗ ಆಗುವುದೂ ಇದೇ. ಹೀಗಾಗಿ ಎಷ್ಟು ಜನ ಕೂತಿದ್ದಾರೆ, ಅಂಚು ನೀರಿನಿಂದ ಎಷ್ಟು ಮೇಲಿದೆ ಅನ್ನುವ ಈ ಎರಡು ಲೆಕ್ಕವೇ ಜೀವ. ಅಂಬಿಗರಿಗೆ ಇದು ಹುಟ್ಟಿನಿಂದ ಗೊತ್ತು. ಟಿಕೆಟ್ ಹರಿಯುವ ಗುತ್ತಿಗೆದಾರನಿಗೆ ಗೊತ್ತಿರಬೇಕೆಂದಿಲ್ಲ.

ಕಾನೂನು ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1917ರ ಬ್ರಿಟಿಷರ ಕಾಲದ ಕಾಯ್ದೆ ತೆಗೆದು, 2021ರಲ್ಲಿ ಸಂಸತ್ತು ಒಳನಾಡು ನೌಕೆಗಳ ಹೊಸ ಕಾಯ್ದೆ ಮಾಡಿದೆ. 2022ರಲ್ಲಿ ಅದರ ನಿಯಮಗಳೂ ಬಂದವು. ಎಂಜಿನ್ ಇರುವ ದೋಣಿಗೆ ತಪಾಸಣೆಯ ಪ್ರಮಾಣಪತ್ರವೂ ಬೇಕು, ನೋಂದಣಿಯೂ ಬೇಕು. ಅದಕ್ಕೂ ಮೊದಲು 2017ರಲ್ಲೇ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ದೋಣಿ ಸುರಕ್ಷತೆಗೆಂದೇ ಒಂದು ಮಾರ್ಗಸೂಚಿ ಹೊರಡಿಸಿತ್ತು.

ಹಾಗಾದರೆ ತೊಡಕು ಎಲ್ಲಿದೆ? ನಮ್ಮ ಕೆರೆಯ ದೋಣಿಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ನೇ ಇಲ್ಲ. ಪೆಡಲ್ ಬೋಟನ್ನು ಕಾಲಿನಿಂದ ತುಳಿಯುತ್ತಾರೆ, ತೆಪ್ಪಕ್ಕೆ ಹುಟ್ಟು ಹಾಕುತ್ತಾರೆ. ಎಂಜಿನ್ ಇರುವ ಆ ಒಂದು ದೋಣಿಯವನು ಕಾಗದ ಮಾಡಿಸಬೇಕೆಂದರೂ, ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಕೇಂದ್ರ ಕಚೇರಿ ಇರುವುದು ಕಾರವಾರದಲ್ಲಿ. ಹಿರೇಕೆರೂರಿನ ಕೆರೆಯ ದೋಣಿಗೆ ಘಟ್ಟದ ಕೆಳಗಿನ ಸಮುದ್ರದ ದಂಡೆಯಿಂದ ನ್ಯಾಯ ಬರಬೇಕು! ಹಡಗು ನೋಡುವ ಇಲಾಖೆಯ ಕಣ್ಣಿಗೆ ನಮ್ಮ ಹಂಸದ ಬೋಟ್ ಯಾವಾಗ ಬೀಳಬೇಕು?

ಇಲ್ಲಿದೆ ಯಾರೂ ಹೇಳದ ಮಾತು. ಅದೇ 2021ರ ಕಾಯ್ದೆ, ಎಂಜಿನ್ ಇಲ್ಲದ ದೋಣಿಗಳನ್ನು ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ಹಳ್ಳಿಯ ಮಟ್ಟದಲ್ಲೇ ದಾಖಲು ಮಾಡಿಕೊಳ್ಳಲು ದಾರಿ ಇಟ್ಟಿದೆ. ರಾಜ್ಯ ಸರ್ಕಾರ ಆ ಕೆಲಸವನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದು. ಅಂದರೆ ದೋಣಿಗೆ ನಂಬರ್ ಕೊಡುವ ಅಧಿಕಾರ ನಿಮ್ಮ ಊರಿನ ಪಂಚಾಯಿತಿ ಕಟ್ಟೆಗೇ ಬರಬಹುದು. ಅದನ್ನು ಇಳಿಸಿ ಕೊಡಿ ಅಂತ ನಮ್ಮ ನಾಲ್ಕು ತಾಲ್ಲೂಕಿನ ಶಾಸಕರನ್ನು ಕೇಳಬೇಕು. ರಸ್ತೆ ಕೇಳುತ್ತೇವೆ, ಸಮುದಾಯ ಭವನ ಕೇಳುತ್ತೇವೆ, ಇದನ್ನೂ ಕೇಳೋಣ.

ಅಲ್ಲಿಯ ತನಕ ಪಂಚಾಯಿತಿ ಕೈಕಟ್ಟಿ ಕೂರಬೇಕಿಲ್ಲ. 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ಕೈಯಲ್ಲಿವೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯವು. ಬೋಟಿಂಗ್ ನಡೆಸಲು ಒಪ್ಪಿಗೆ ಕೊಡುವಾಗ ಷರತ್ತು ಹಾಕಲು ಅವರನ್ನು ಯಾರು ತಡೆದಿದ್ದಾರೆ? ಗುತ್ತಿಗೆ ಹಣ ಎಷ್ಟು, ಠೇವಣಿ ಎಷ್ಟು ಅಂತ ಪುಟಗಟ್ಟಲೆ ಬರೆಯುತ್ತಾರೆ. "ಎಷ್ಟು ಜನ" ಅನ್ನುವ ಒಂದು ಸಾಲು ಬರೆಯಲು ಜಾಗ ಇರುವುದಿಲ್ಲವೇ?

ತಪಾಸಣೆ ಅಂದರೆ ಜನ ಹೆದರುತ್ತಾರೆ, ದೊಡ್ಡ ಯಂತ್ರ ಬೇಕು ಅಂದುಕೊಳ್ಳುತ್ತಾರೆ. ಕೆರೆಯ ಪೆಡಲ್ ಬೋಟಿಗೆ, ತೆಪ್ಪಕ್ಕೆ ಬೇಕಾದದ್ದು ಮರಳು ತುಂಬಿದ ಚೀಲಗಳು. ಒಬ್ಬ ಮನುಷ್ಯನ ತೂಕಕ್ಕೆ ಒಂದರಂತೆ ಏರಿಸುತ್ತ ಹೋಗಬೇಕು, ಅಂಚು ನೀರಿನಿಂದ ಎಷ್ಟು ಮೇಲೆ ಉಳಿಯಿತು ಅಂತ ಅಳೆಯಬೇಕು. ಆಮೇಲೆ ಚೀಲಗಳನ್ನೆಲ್ಲ ಒಂದೇ ಕಡೆಗೆ ಸರಿಸಿ ನೋಡಬೇಕು. ನಿಂತರೆ ಅಷ್ಟು ಜನ, ವಾಲಿದರೆ ಅದಕ್ಕಿಂತ ಕಡಿಮೆ. ಪಂಚಾಯತ್ ರಾಜ್ ಎಂಜಿನಿಯರ್ ಒಬ್ಬರು, ಅಗ್ನಿಶಾಮಕ ಠಾಣೆಯವರು ಒಬ್ಬರು, ನೀರು ಬಲ್ಲ ಹಿರಿಯ ಅಂಬಿಗರು ಒಬ್ಬರು ಏರಿಯ ಮೇಲೆ ನಿಂತರೆ ಅರ್ಧ ದಿನದ ಕೆಲಸ. ಜಾಕೆಟ್‌ಗಳನ್ನು ಒಂದು ದಿನ ಪೂರ್ತಿ ನೀರಲ್ಲಿ ನೆನೆಹಾಕಿ ಮತ್ತೆ ತೇಲಿಸಿ ನೋಡಿದರೆ ಅವುಗಳ ಯೋಗ್ಯತೆಯೂ ತಿಳಿಯುತ್ತದೆ. ದೊಡ್ಡವರ ಜಾಕೆಟನ್ನು ಮಗುವಿಗೆ ಹಾಕಿದರೆ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಇದನ್ನು ಹೇಳಲು ಎಂಜಿನಿಯರ್ ಬೇಕಾಗಿಲ್ಲ.

ಆಮೇಲೆ ಪ್ರಮಾಣಪತ್ರವನ್ನು ಕಪಾಟಿನಲ್ಲಿ ಇಡಬಾರದು. ದೋಣಿಯ ಮೈಮೇಲೆ ಬರೆಯಬೇಕು: ನಂಬರ್, ಪಂಚಾಯಿತಿಯ ಹೆಸರು, "6 ಜನ ಮಾತ್ರ", ನೀರು ಇದಕ್ಕಿಂತ ಮೇಲೆ ಬರಬಾರದು ಅಂತ ಒಂದು ಕೆಂಪು ಗೆರೆ, ಎಲ್ಲಿಯ ತನಕ ಸಿಂಧು ಅನ್ನುವ ತಿಂಗಳು. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ.

ಯಾಕೆ ಅಂದರೆ, ಕಾಗದ ಇದ್ದ ಮಾತ್ರಕ್ಕೆ ದೋಣಿ ತೇಲುವುದಿಲ್ಲ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಜನರನ್ನು ಮುಳುಗಿಸಿದ್ದು ಕೇರಳ ಸರ್ಕಾರದ ಪ್ರವಾಸೋದ್ಯಮ ನಿಗಮದ್ದೇ ದೋಣಿ. ಕಳ್ಳ ದೋಣಿಯಲ್ಲ. ಈ ಮಾತನ್ನು ನನ್ನ ಎದುರಾಳಿಗಳು ಹೇಳುವ ಮೊದಲು ನಾನೇ ಹೇಳುತ್ತಿದ್ದೇನೆ. ಅಧಿಕಾರಿ ವರ್ಷಕ್ಕೆ ಒಮ್ಮೆ ಬರುತ್ತಾನೆ, ಭಾನುವಾರ ಸಂಜೆ ಐದು ಗಂಟೆಗೆ ಅಲ್ಲಿ ಇರುವವರು ನೀವು. ಏಳನೆಯವನು ಕಾಲಿಟ್ಟಾಗ "ಏ, ಆರೇ ಮಂದಿ ಬರದೈತಿ ನೋಡು" ಅನ್ನಲು ನಿಮ್ಮ ಕಣ್ಣೆದುರು ಅಕ್ಷರ ಇರಬೇಕು.

ಇನ್ನು ಬರುವ ತಕರಾರು ಗೊತ್ತಿರುವುದೇ. ಬಡ ಮೀನುಗಾರರ ಹೊಟ್ಟೆಯ ಮೇಲೆ ಹೊಡೆಯುತ್ತೀರಿ ಅನ್ನುತ್ತಾರೆ. ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡದಾನಪುರ ನಮ್ಮ ಜಿಲ್ಲೆಯಲ್ಲೇ ತುಂಗಭದ್ರೆಯ ದಡದಲ್ಲಿದೆ. ಹುಟ್ಟು ಹಿಡಿದವರ ಮೇಲೆ ಕಾಗದದ ಭಾರ ಹೊರಿಸಬೇಕೆಂಬ ಆಸೆ ಯಾರಿಗೂ ಇಲ್ಲ. ಬಲೆ ಹಾಕಲು ಒಬ್ಬನೇ ಹೋಗುವವನ ತೆಪ್ಪಕ್ಕೆ ಒಂದು ನಂಬರ್ ಸಾಕು, ಅದೂ ಪುಕ್ಕಟೆ. ಹಾಗಿದ್ದರೆ ಆತ ಸಂಜೆ ಮರಳದಿದ್ದರೆ ಯಾರ ತೆಪ್ಪ ಅಂತಲಾದರೂ ತಿಳಿಯುತ್ತದೆ. ತಪಾಸಣೆ ಬೇಕಾದದ್ದು ತಲೆಗಿಷ್ಟು ಅಂತ ದುಡ್ಡು ತೆಗೆದುಕೊಂಡು ಬೇರೆಯವರ ಮಕ್ಕಳನ್ನು ಕೂರಿಸುವ ದೋಣಿಗೆ. ಈ ಎರಡನ್ನೂ ಬೇಕೆಂದೇ ಕಲಸಿ ಮಾತಾಡುವವರು ಸಾಮಾನ್ಯವಾಗಿ ಮೀನುಗಾರರಲ್ಲ, ಗುತ್ತಿಗೆದಾರರು.

ಪಂಚಾಯಿತಿಗೆ ಕೊಟ್ಟರೆ ಲಂಚಕ್ಕೆ ಇನ್ನೊಂದು ಬಾಗಿಲು ತೆರೆದಂತೆ ಅನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಅದಕ್ಕೇ ಚೀಲ ಏರಿಸುವ ಪರೀಕ್ಷೆ ಕಚೇರಿಯಲ್ಲಿ ಆಗಬಾರದು, ಕೆರೆಯ ಏರಿಯ ಮೇಲೆ, ಡಂಗುರ ಹೊಡೆಸಿ, ಊರಿನ ಎದುರು ಆಗಬೇಕು. ಹತ್ತು ಹುಡುಗರು ಮೊಬೈಲ್ ಹಿಡಿದು ನಿಂತಲ್ಲಿ ವಾಲಿದ ದೋಣಿಯನ್ನು ನೆಟ್ಟಗಿತ್ತು ಅಂತ ಬರೆಯುವುದು ಸುಲಭವಲ್ಲ.

ನಿಷೇಧ ಮಾಡಿಬಿಡಿ ಅನ್ನುವವರ ಜೊತೆ ನನಗೆ ಹೆಚ್ಚು ಸಿಟ್ಟು. ಎಲ್ಲಾದರೂ ದುರಂತ ಆದಾಗ ಒಂದು ಆದೇಶ, ಒಂದು ಬೋರ್ಡು. ಮೂರು ತಿಂಗಳಿಗೆ ಬೋರ್ಡಿನ ಮೇಲೆ ಕರಪತ್ರ ಅಂಟಿರುತ್ತದೆ, ದೋಣಿ ನೀರಿನಲ್ಲಿರುತ್ತದೆ. ನಿಷೇಧದ ಅಡಿಯಲ್ಲಿ ಓಡುವ ದೋಣಿಗೆ ಜಾಕೆಟ್ ಯಾರು ಕೇಳುತ್ತಾರೆ?

ಹೊರಡುವಾಗ ಆ ಕಾಕಾನಿಗೆ ಇದನ್ನೆಲ್ಲ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಆತ ಬೀಡಿ ಆರಿಸಿ, "ಬರೀ ಬಾಯಿಲೆ ಬ್ಯಾಡ ಅಂದ್ರ ಗೌಡ್ರ ಮಂದಿ ಕೇಳ್ತಾರೇನು? ಮೊನ್ನಿ ಒಬ್ಬಾತ ನನಗ ಕೈ ಎತ್ತಾಕ ಬಂದಿದ್ದ. ಪಂಚಾಯ್ತಿಯವ್ರು ಬರದ್ರಂದ್ರ ಬಟ್ಟು ಮಾಡಿ ತೋರಸ್ತೀನಿ" ಅಂದ. ಆರು ಅಂತ ಬರೆದರೆ ಹಬ್ಬದ ದಿನ ನಿನ್ನ ಗಳಿಕೆ ಅರ್ಧ ಆಗುತ್ತದಲ್ಲ ಕಾಕಾ ಅಂದೆ. "ಎರಡ ಸುತ್ತು ಜಾಸ್ತಿ ಹೊಡೀತೀನಿ ಬಿಡು" ಅಂದ.

ಮುಂದಿನ ಗ್ರಾಮಸಭೆಗೆ ಒಂದು ಅರ್ಜಿ ಬರೆಯಿರಿ. ನಿಮ್ಮ ಊರಿನ ಕೆರೆಯ ಹೆಸರು, ಅಲ್ಲಿ ದುಡ್ಡಿಗೆ ಓಡುವ ದೋಣಿ ಎಷ್ಟು, ನಡೆಸುವವರಿಗೆ ಒಪ್ಪಿಗೆ ಕೊಟ್ಟವರು ಯಾರು, ಒಪ್ಪಿಗೆ ಪತ್ರದಲ್ಲಿ ಎಷ್ಟು ಜನ ಅಂತ ಇದೆ, ಜಾಕೆಟ್ ಎಷ್ಟು, ಮಕ್ಕಳದ್ದು ಎಷ್ಟು. ಈ ಆರು ಪ್ರಶ್ನೆಗೆ ನಡಾವಳಿ ಪುಸ್ತಕದಲ್ಲಿ ಉತ್ತರ ಬರೆಯಲು ಪಿಡಿಒ ಅವರನ್ನು ಕೇಳಿ. ಅರ್ಜಿಯ ನಿಮ್ಮ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು, ಅದರ ಫೋಟೊ ನಮಗೆ ಕಳಿಸಿ.