ಕ್ರಾಪ್ ಮಾಡಿದ ಕರಾವಳಿ

ಕೆ. ಕೆ. ಹೆಬ್ಬಾರರನ್ನು 'ನಮ್ಮ ಉಡುಪಿಯ ಹೆಮ್ಮೆ' ಅಂತ ಕರೆಯೋ ಮುಂಚೆ ಒಂದು ಸಣ್ಣ ಲೆಕ್ಕ ಹಾಕೋಣ. ಹುಟ್ಟಿದ್ದು 1911ರಲ್ಲಿ, ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ. ಒಪ್ಪಿದೆ. ಆಮೇಲೆ? 1938ರಲ್ಲಿ ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನ ಡಿಪ್ಲೊಮಾ. ಅಲ್ಲೇ ಮೇಷ್ಟ್ರ ಕೆಲಸ. 1949-50ರಲ್ಲಿ ಪ್ಯಾರಿಸ್, ಮತ್ತೆ ವಾಪಸ್ ಮುಂಬೈ. 1961ರಲ್ಲಿ ಪದ್ಮಶ್ರೀ ಬಂದಾಗಲೂ, 1989ರಲ್ಲಿ ಪದ್ಮಭೂಷಣ ಬಂದಾಗಲೂ ಮನೆ ಮುಂಬೈಯಲ್ಲೇ. 1996ರಲ್ಲಿ ತೀರಿಕೊಂಡಿದ್ದೂ ಅಲ್ಲೇ. ಅಂದ್ರೆ ನಮ್ಮ ಪಾಲಿಗೆ ಬಂದಿದ್ದು ಬಾಲ್ಯ, ಉಳಿದದ್ದೆಲ್ಲ ಮುಂಬೈಯದು. ನಾವು ಬಡಾಯಿ ಕೊಚ್ಚಿಕೊಳ್ತಿರೋದು ಒಬ್ಬ ವಲಸಿಗನ ಬಗ್ಗೆ.

'ವಲಸಿಗ' ಅಂದ ಕೂಡಲೇ ಕೆಲವರಿಗೆ ಇರುಸುಮುರುಸು. ನಮ್ಮ ಕಡೆಯ ಡಿಕ್ಷನರಿಯಲ್ಲಿ ಊರು ಬಿಟ್ಟು ಹೋದವರು 'ಬೊಂಬಾಯಿಯಲ್ಲಿದ್ದಾರೆ', 'ದುಬೈಯಲ್ಲಿ ಸೆಟ್ಲ್ ಆಗಿದ್ದಾರೆ'. ವಲಸಿಗರು ಅಂದ್ರೆ ಇಲ್ಲಿಗೆ ಬರುವವರು ಮಾತ್ರ. ಅವರಿಗೆ ಬೇರೆ ಹೆಸರುಗಳೂ ಇವೆ. 'ಘಟ್ಟದವರು', 'ಬಿಹಾರಿಗಳು'. ಬಿಹಾರಿ ಅನ್ನಿಸಿಕೊಂಡವನು ಒಡಿಶಾದವನೇ ಆಗಿರಬಹುದು, ಕೇಳೋ ಪುರುಸೊತ್ತು ಯಾರಿಗಿದೆ?

ಹೆಬ್ಬಾರರು ಹೋಗಿ ಸೇರಿದ ಮುಂಬೈ ಎಂಥದಿತ್ತು ನೋಡಿ. 1938ರ ಹೊತ್ತಿಗೇ ಆಸ್ಟ್ರಿಯಾದಿಂದ ವಾಲ್ಟರ್ ಲಾಂಗ್‌ಹ್ಯಾಮರ್ ಅನ್ನೋ ಚಿತ್ರಕಾರ ಅಲ್ಲಿಗೆ ಬಂದಿಳಿದ. ಹೆಂಡತಿ ಯಹೂದಿ, ಹಿಟ್ಲರನ ಕೈಗೆ ಸಿಗಬಾರದು ಅಂತ ದೇಶ ಬಿಟ್ಟವರು. ಅವನೂ ಭೂದೃಶ್ಯ ಬರೆಯುತ್ತಿದ್ದ. ಟೈಮ್ಸ್ ಆಫ್ ಇಂಡಿಯಾದಲ್ಲಿ ಆರ್ಟ್ ಡೈರೆಕ್ಟರ್ ಆದ. ತನ್ನ ಮನೆಯ ಬಾಗಿಲನ್ನು ಊರಿನ ಹುಡುಗರಿಗೆ ತೆರೆದಿಟ್ಟ. ರಜಾ, ಆರಾ ಥರದವರು ಅಲ್ಲಿ ಕೂತು ಬಣ್ಣದ ಬಗ್ಗೆ ಜಗಳ ಆಡಿದ್ದಾರೆ. ಆ ರಜಾ ಮಧ್ಯಪ್ರದೇಶದವರು, ಆರಾ ಹೈದರಾಬಾದ್ ಸೀಮೆಯವರು. ನಾವು ಇವತ್ತು 'ಭಾರತೀಯ ಆಧುನಿಕ ಚಿತ್ರಕಲೆ' ಅಂತ ಹರಾಜಿನಲ್ಲಿ ಕೋಟಿಗಟ್ಟಲೆ ಲೆಕ್ಕದಲ್ಲಿ ಮಾತಾಡೋದರ ಒಂದು ದೊಡ್ಡ ಪಾಲು ಹೀಗೆ ಊರು ಬಿಟ್ಟು ಬಂದವರ ಕೆಲಸ. ಆ ಊರು ಅವರನ್ನೆಲ್ಲ 'ನೀವು ಯಾವ ಕಡೆಯವರು?' ಅಂತ ಬಾಗಿಲಲ್ಲೇ ನಿಲ್ಲಿಸಿದ್ರೆ ಇದೆಲ್ಲ ಎಲ್ಲಿರ್ತಿತ್ತು?

ಇನ್ನು ಹೆಬ್ಬಾರರ ಕೆಲಸ. 'ಕರಾವಳಿಯ ನಿಸರ್ಗ ಸೌಂದರ್ಯವನ್ನು ಕ್ಯಾನ್ವಾಸಿಗೆ ಇಳಿಸಿದವರು' ಅಂತ ಭಾಷಣಗಳಲ್ಲಿ ಒಂದು ವಾಕ್ಯ ಸವೆದು ಸವೆದು ಹೋಗಿದೆ. ಚಿತ್ರಗಳನ್ನು ನೋಡಿದವರು ಹಾಗೆ ಹೇಳೋದು ಕಷ್ಟ. ಆ ಚಿತ್ರಗಳಲ್ಲಿ ಜಾಗ ಖಾಲಿ ಇರೋದು ಅಪರೂಪ. ಕೋಳಿ ಅಂಕ ಇದೆ, ಯಕ್ಷಗಾನದ ಕುಣಿತ ಇದೆ, ಹೊರೆ ಹೊತ್ತವರು, ಹಸಿದವರು, ಗುಂಪು ಕಟ್ಟಿ ದುಡಿಯುವವರು ಇದ್ದಾರೆ. ನೆಲದ ಕೆಂಪು, ಮಳೆಗಾಲದ ಹಸಿರು ಎಲ್ಲ ಉಂಟು, ಆದರೆ ಅದರ ಮೇಲೆ ಮನುಷ್ಯರ ಬೆನ್ನು ಬಾಗಿದೆ. ಅಮೃತಾ ಶೇರ್‌ಗಿಲ್ ಚಿತ್ರಗಳ ಪ್ರಭಾವ ಅವರ ಮೇಲೆ ಆಗಿದ್ದು ಸುಮ್ಮನೆ ಅಲ್ಲ. ಲಯ ಅಂದ್ರೇನು ಅಂತ ತಿಳಿಯೋಕೆ ಈ ಮನುಷ್ಯ ಕಥಕ್ ಕಲಿತರು ಮಾರಾಯ್ರೆ! 1964ರಲ್ಲಿ ಬಂದ ಅವರ ರೇಖಾಚಿತ್ರಗಳ ಪುಸ್ತಕದ ಹೆಸರೇ 'ದ ಸಿಂಗಿಂಗ್ ಲೈನ್', ಹಾಡುವ ಗೆರೆ. ಗೆರೆ ಹಾಡಬೇಕಾದ್ರೆ ಕುಣಿಯೋಕೆ ಒಂದು ಮೈ ಬೇಕು.

ನಮ್ಮ ಕರಾವಳಿಗೆ ಆ ಮೈ ಬೇಡ. ನನ್ನ ಸಿಟ್ಟು ಇರೋದು ಇಲ್ಲಿ. ಮಣಿಪಾಲದ ಅಪಾರ್ಟ್‌ಮೆಂಟ್ ಲಾಬಿಗಳಲ್ಲಿ, ಬೆಂಗಳೂರಿನ ನಮ್ಮ ಬಾಡಿಗೆ ಮನೆಗಳ ಹಾಲ್‌ಗಳಲ್ಲಿ ಏನು ತೂಗುಹಾಕ್ತೀವಿ? ಒಂದು ದೋಣಿ, ಮೂರು ತೆಂಗಿನಮರ, ಒಂದು ಸೂರ್ಯಾಸ್ತ. ದೋಣಿಯಲ್ಲಿ ಯಾರೂ ಇಲ್ಲ. ಕಾಪುವಿನ ದೀಪಸ್ತಂಭದ ರೀಲ್ ನೋಡಿ. 1901ರ ದೀಪಸ್ತಂಭ, ಕಪ್ಪು ಬಂಡೆ, ಅಲೆ, ಹಿಂದೆ ಒಂದು ಸಿನಿಮಾ ಹಾಡು. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ, ಪಡುಬಿದ್ರೆ ಹತ್ತಿರ, 1200 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರದ ಚಿಮಣಿ ನಿಂತಿದೆ. ಅದು ಯಾವ ಫ್ರೇಮಿನಲ್ಲೂ ಬರೋದಿಲ್ಲ. ಕಾರ್ಕಳದ ಕಥೆಯೂ ಬೇರೆ ಅಲ್ಲ. 1432ರ ಗೊಮ್ಮಟನ ಊರು ಅದು. ಧರ್ಮಸ್ಥಳದ ಬಾಹುಬಲಿಯನ್ನು ರೆಂಜಾಳ ಗೋಪಾಲ ಶೆಣೈ ಅವರು ಕೆತ್ತಿದ್ದೂ ಅಲ್ಲಿನ ಬಂಡೆಯಲ್ಲೇ. ಕಲ್ಲು ಗೊತ್ತಿದ್ದ ಊರು. ಅಂಥ ಕಡೆ ಮೊನ್ನೆ ಮೊನ್ನೆ ಬೈಲೂರಿನ ಗುಡ್ಡದ ಮೇಲೆ ಪರಶುರಾಮನ ಮೂರ್ತಿ ನಿಲ್ಲಿಸಿ, ಅದು ಕಂಚು ಹೌದೋ ಅಲ್ವೋ ಅನ್ನೋ ಜಗಳ ಪೊಲೀಸ್ ಠಾಣೆ ತನಕ ಹೋಯಿತು. ಗುಡ್ಡವನ್ನು ಗುಡ್ಡವಾಗಿ ನೋಡೋಕೆ ಬರದವರಿಗೆ ಅದು ಪೀಠದ ಹಾಗೇ ಕಾಣೋದು.

ಮಲ್ಪೆ ಬಂದರಿಗೆ ಬೆಳಿಗ್ಗೆ ಹೋಗಿ. ಬೋಟಿನಿಂದ ಮೀನಿನ ಬುಟ್ಟಿ ಇಳಿಸುವವರ ಮಾತು ಕೇಳಿ. ತುಳು, ಕೊಂಕಣಿ, ಕನ್ನಡದ ನಡುವೆ ಒಡಿಯಾ, ತೆಲುಗು, ಹಿಂದಿ. ಮಣಿಪಾಲದ ಹೊಸ ಟವರ್‌ಗಳಿಗೆ ಸೆಂಟ್ರಿಂಗ್ ಹೊಡೆಯುವವರು, ಕಾಂಕ್ರೀಟ್ ಹೊರುವವರು ಬಾಗಲಕೋಟೆ, ಕೊಪ್ಪಳ, ಗದಗದ ಕಡೆಯವರು. ಇವತ್ತಿನ ಕರಾವಳಿಯ ಭೂದೃಶ್ಯವನ್ನು ಕಟ್ಟುತ್ತಿರೋ ಕೈಗಳು ಇವು. ಇವರಿಲ್ಲದೆ ಇಲ್ಲಿನ ಚಿತ್ರ ಬರೆದ್ರೆ ಅದು ಪೋಸ್ಟ್‌ಕಾರ್ಡ್.

'ಅವರು ಬಂದ ಮೇಲೆ ಊರು ಕೆಟ್ಟಿತು' ಅನ್ನೋ ಅಂಕಲ್ ಪ್ರತಿ ಫ್ಯಾಮಿಲಿ ಗ್ರೂಪಿನಲ್ಲಿ ಒಬ್ಬರಾದರೂ ಇರ್ತಾರೆ. ಅವರಿಗೆ ಒಂದು ನೆನಪು ಮಾಡಬೇಕು. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಗುರಿ ಯಾರಾಗಿದ್ರು? ದಕ್ಷಿಣದವರು. ಲುಂಗಿ ಉಟ್ಟವರು ಅಂತ ನಗೆಯಾಡಿದ್ದು ನಮ್ಮನ್ನೇ, ಕಲ್ಲು ಬಿದ್ದಿದ್ದು ನಮ್ಮ ಉಡುಪಿ ಹೋಟೆಲುಗಳಿಗೆ. ಕೆಲಸ ಕಿತ್ತುಕೊಂಡವರು, ಊರು ಹಾಳು ಮಾಡಿದವರು ಅಂತ ನಮ್ಮ ಅಜ್ಜಂದಿರ ಬಗ್ಗೆ ಆಡಿದ ಮಾತುಗಳನ್ನೇ ನಾವು ಈಗ ಘಟ್ಟದವರ ಮೇಲೆ ಎಸೀತಿದ್ದೀವಿ, ಒಂದಕ್ಷರ ಬದಲಾಯಿಸದೆ.

'ನೀವು ಬೆಂಗಳೂರಲ್ಲಿ ಎಸಿ ಆಫೀಸಲ್ಲಿ ಕೂತು ನಮಗೆ ಪಾಠ ಹೇಳ್ಬೇಡಿ' ಅಂತ ಯಾರಾದರೂ ಹೇಳೇ ಹೇಳ್ತಾರೆ. ಹೌದು, ನಾನೂ ವಲಸಿಗನೇ. ಶುಕ್ರವಾರ ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಮಲಗಿ ಊರಿಗೆ ಹೋಗುವ ಜಾತಿಯವನು. ನೀವೂ ಅವರೇ ಅಲ್ವಾ? ದೂರ ಇದ್ದವರಿಗೆ ಊರು ಸುಂದರವಾಗಿ ಕಾಣುತ್ತೆ, ಅದೇನೂ ತಪ್ಪಲ್ಲ. ಹೆಬ್ಬಾರರೂ ದೂರದಿಂದಲೇ ಬರೆದರು. ಆದರೆ ದೂರ ಹೋದರು ಅಂತ ಚಿತ್ರದಿಂದ ಜನರನ್ನು ಅಳಿಸಲಿಲ್ಲ. ನಾವು ಅಳಿಸಿಬಿಟ್ಟು ಅದನ್ನೇ 'ನೊಸ್ಟಾಲ್ಜಿಯಾ' ಅಂತ ಕರೀತಿದ್ದೀವಿ.

ನಾನು ಓದಿದ ಶಾಲೆಯಲ್ಲಿ ಡ್ರಾಯಿಂಗ್ ಪಿರಿಯಡ್ ಅಂದ್ರೆ ಗಣಿತದ ಮೇಷ್ಟ್ರು ಸಿಲೆಬಸ್ ಮುಗಿಸೋಕೆ ಎತ್ತಿಕೊಳ್ಳುವ ಪಿರಿಯಡ್. ಈಗಲೂ ಹೆಚ್ಚೇನೂ ಬದಲಾಗಿಲ್ಲ ಅಂತ ಊರಲ್ಲಿ ಮೇಷ್ಟ್ರಾಗಿರೋ ಗೆಳೆಯರು ಹೇಳ್ತಾರೆ. ಮಣಿಪಾಲದಲ್ಲಿ ಹೆಬ್ಬಾರರ ಹೆಸರಿನ ಗ್ಯಾಲರಿ ಇದೆ. ಉಡುಪಿಯ ಸರಕಾರಿ ಶಾಲೆಗಳಲ್ಲಿ ಬಾಗಲಕೋಟೆಯಿಂದ, ಕೊಪ್ಪಳದಿಂದ ಬಂದ ಕೂಲಿಯವರ ಮಕ್ಕಳು ಕೂತಿದ್ದಾರೆ, ಅವರಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ತುಳು, ಕ್ಲಾಸಿನಲ್ಲಿ ಇನ್ನೊಂದು ಕನ್ನಡ ಅಂತ ನಿಭಾಯಿಸ್ತಿರೋರು. ಹೆಬ್ಬಾರರ ಹೆಸರಲ್ಲಿ ಇನ್ನೊಂದು ಸರ್ಕಲ್, ಇನ್ನೊಂದು ಕಮಾನು, ಇನ್ನೊಂದು ಶಾಲು-ಹಾರದ ಕಾರ್ಯಕ್ರಮ ಮಾಡೋ ದುಡ್ಡಿದ್ರೆ, ಆ ಮಕ್ಕಳನ್ನು ಒಂದು ದಿನ ಮಣಿಪಾಲಕ್ಕೆ ಕರೆದುಕೊಂಡು ಹೋಗಿ, ಕೈಗೆ ಒಂದೊಂದು ಕಾಗದ, ಇದ್ದಿಲು ಕೊಟ್ಟು ಕೂರಿಸಿ. ಉಡುಪಿಯಿಂದ ಮಣಿಪಾಲಕ್ಕೆ ಐದಾರು ಕಿಲೋಮೀಟರ್. ಸಿಟಿ ಬಸ್ಸೂ ಹೋಗುತ್ತೆ.