ಗುಳೆ ಹೋದವರ ಲೆಕ್ಕ ಯಾರ ಹತ್ತಿರ?

ಸೋಯಾ ರಾಶಿ ಮುಗಿದ ಮೇಲೆ ಡಾಬಕಾ, ಔರಾದ್, ಭಾಲ್ಕಿ ಕಡೆಯ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಕೆಲವರು ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋದರೆ, ಕೆಲವರು ಪುಣೆ, ಮುಂಬೈ ದಾರಿ ಹಿಡಿಯುತ್ತಾರೆ. ನಮ್ಮ ತರಗತಿಯ ಖಾಲಿ ಬೆಂಚುಗಳಿಗೂ ಕೆಲವೊಮ್ಮೆ ಇದೇ ಕಾರಣ. ಹಾಜರಿ ಪುಸ್ತಕದಲ್ಲಿ ಮಾತ್ರ ‘ಗೈರು’ ಎಂದಷ್ಟೇ ಇರುತ್ತದೆ.

1956ರವರೆಗೆ ಉದಗೀರ, ನಾರಾಯಣಖೇಡ, ಜಹೀರಾಬಾದ್ ಎಲ್ಲವೂ ಬೀದರ್ ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಜಿಲ್ಲೆ ಮೂರು ಪಾಲಾಯಿತು. ಅಜ್ಜಂದಿರ ಕಾಲದಲ್ಲಿ ರಾಜಧಾನಿಯಾಗಿದ್ದ ಹೈದರಾಬಾದ್ ನಮಗೆ ಹೊರರಾಜ್ಯ. ಬಸ್ಸು ಹತ್ತುವಾಗ ಈ ಗಡಿ ಕಾಣುವುದಿಲ್ಲ. ರೇಷನ್ ಕಾರ್ಡ್ ತೋರಿಸಿದಾಗ ಕಾಣುತ್ತದೆ.

ಸಂವಿಧಾನದ ಪ್ರಕಾರ ಅಂತರರಾಜ್ಯ ವಲಸೆ ಕೇಂದ್ರ ಪಟ್ಟಿಯ 81ನೇ ವಿಷಯ. ಕಾರ್ಮಿಕ ಕಲ್ಯಾಣ ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ್ದು. ನೀರು, ಬೀದಿ, ಕಸ ಸ್ಥಳೀಯ ಸಂಸ್ಥೆಗಳ ಪಾಲು. ಇಷ್ಟು ಜನ ಮಾಲೀಕರಿದ್ದರೂ ಕಾರ್ಮಿಕ ಯಾರ ಕೈಗೂ ಸಿಗುವುದಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಐದು ಅಥವಾ ಹೆಚ್ಚು ಜನರನ್ನು ಕರೆದೊಯ್ಯುವ ಗುತ್ತಿಗೆದಾರ ಲೈಸೆನ್ಸ್ ಪಡೆಯಬೇಕು, ಪ್ರಯಾಣ ಭತ್ಯೆ ಕೊಡಬೇಕು ಎಂದಿತು. ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಐದು ಹತ್ತಾಗಿದೆ. ನಮ್ಮೂರಿನವರು ಹೋಗುವುದು ಬಹಳ ಸಲ ಮಾವನ ಒಂದು ಫೋನ್ ಕರೆಯ ಮೇಲೆ. ಅದಕ್ಕೆ ಲೈಸೆನ್ಸ್ ಎಲ್ಲಿಂದ ಬರಬೇಕು?

ಅನ್ನದ ವಿಷಯ ನೋಡಿ. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಗೆ ಕರ್ನಾಟಕ 2020ರ ಜನವರಿಯಲ್ಲೇ ಸೇರಿದೆ. ತೆಲಂಗಾಣದಲ್ಲಿ ಹೆಬ್ಬೆರಳು ಒತ್ತಿದರೆ ಆಹಾರ ಭದ್ರತಾ ಕಾಯ್ದೆಯ ಧಾನ್ಯ ಸಿಗಬೇಕು. ಆದರೆ ನಮ್ಮ ರಾಜ್ಯ ಕೊಡುವ ಅನ್ನಭಾಗ್ಯದ ಹೆಚ್ಚುವರಿ ಪಾಲು ಗಡಿ ದಾಟುವುದಿಲ್ಲ. 2023ರ ಜುಲೈಯಿಂದ ಆ 5 ಕೆ.ಜಿ. ಬದಲು ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು. ಖಾತೆ ಪುಣೆಯಲ್ಲೂ ತೆರೆಯುತ್ತದೆ. 2025ರ ಫೆಬ್ರುವರಿಯಲ್ಲಿ ಹಣ ನಿಲ್ಲಿಸಿ ಅಕ್ಕಿಯನ್ನೇ ಕೊಡತೊಡಗಿದರು. ಊರಲ್ಲಿ ಉಳಿದವರಿಗೆ ಒಳ್ಳೆಯದೇ ಆಯಿತು. ಗುಳೆ ಹೋದವರನ್ನು ಆಗ ಯಾರಾದರೂ ನೆನೆದರೇ?

ಝಕಾತಿನ ಎಂಟು ಹಕ್ಕುದಾರರಲ್ಲಿ ಪ್ರಯಾಣಿಕನೂ ಒಬ್ಬ. ಊರಲ್ಲಿ ಮನೆ, ಹೊಲ ಇದ್ದರೂ ದಾರಿಯಲ್ಲಿ ಬರಿಗೈ ಆದವನಿಗೆ ಅಲ್ಲೇ ಹಕ್ಕಿದೆ. ಆ ಹಕ್ಕು ಮನುಷ್ಯನ ಜೊತೆ ನಡೆಯುತ್ತದೆ, ವಿಳಾಸದ ಜೊತೆ ಅಲ್ಲ.

ಹೊರರಾಜ್ಯದವರನ್ನಷ್ಟೇ ದೂರಬೇಕಿಲ್ಲ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ಬೆಂಗಳೂರಿನಿಂದ ಊರಿಗೆ ಹೊರಟಿದ್ದ ಉತ್ತರ ಭಾರತದ ಕಾರ್ಮಿಕರ ರೈಲುಗಳನ್ನು ನಮ್ಮ ಸರ್ಕಾರವೇ ರದ್ದು ಮಾಡಿತ್ತು. ಅದಕ್ಕೆ ಸ್ವಲ್ಪ ಮುಂಚೆ ಮುಖ್ಯಮಂತ್ರಿಗಳು ಕಟ್ಟಡ ಉದ್ಯಮಿಗಳೊಂದಿಗೆ ಸಭೆ ನಡೆಸಿದ್ದರು. ಟೀಕೆ ಬಂದ ಮೇಲೆ ರೈಲು ಮತ್ತೆ ಹೊರಟವು. ಹೈದರಾಬಾದಿನಲ್ಲಿ ನಾವು ಏನೋ, ಬೆಂಗಳೂರಿನಲ್ಲಿ ಬಿಹಾರದವರು ಅದೇ.

ಸರ್ಕಾರಗಳಿಗೆ ಕೂಡಿ ಕೆಲಸ ಮಾಡಲು ಬರುವುದಿಲ್ಲ ಎಂದೂ ಹೇಳಲಾಗದು. 1960ರ ಹೊತ್ತಿಗೆ ಟಿಬೆಟ್ ನಿರಾಶ್ರಿತರಿಗೆ ಬೈಲಕುಪ್ಪೆಯಲ್ಲಿ ಮೈಸೂರು ರಾಜ್ಯ ಜಮೀನು ಕೊಟ್ಟಿತು, ಕೇಂದ್ರ ನೆರವು ಕೊಟ್ಟಿತು. ಅವರಿಗೆ ನೋಂದಣಿ ಪತ್ರ ಇದೆ. ಅದರ ಕಟ್ಟುಪಾಡುಗಳ ಕಷ್ಟ ಬೇರೆ ಮಾತು, ಆದರೆ ಅವರು ಲೆಕ್ಕದಲ್ಲಿದ್ದಾರೆ. ಈ ದೇಶದ ಪ್ರಜೆಗಳೇ ಆದ ನಮ್ಮ ಕೂಲಿಕಾರರು ಲೆಕ್ಕದಲ್ಲಿಲ್ಲ.

ಯಾರು ಹೋದರು ಎಂದು ಗೊತ್ತಿರುವುದು ಗ್ರಾಮಕ್ಕೆ. ಹೀಗಾಗಿ ಗ್ರಾಮ ಪಂಚಾಯಿತಿಯಲ್ಲಿ ಒಂದು ಗುಳೆ ವಹಿ ಬೇಕು: ಯಾವ ಊರಿಗೆ, ಯಾರ ಕೈಕೆಳಗೆ, ಎಷ್ಟು ಮಕ್ಕಳು ಜೊತೆಗೆ. ಟಿ.ಸಿ. ತಡವಾಯಿತು ಎಂದು ಪ್ರಾಥಮಿಕ ಶಾಲೆ ಮಗುವನ್ನು ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಇದನ್ನು ಹೊರಡುವ ಮುಂಚೆಯೇ ತಾಯಿಗೆ ತಿಳಿಸುವವರು ಬೇಕು.

ನಮ್ಮ ಎನ್.ಎಸ್.ಎಸ್. ಶಿಬಿರದಲ್ಲಿ ಪ್ರತಿ ವರ್ಷ ರಸ್ತೆ ಗುಡಿಸುತ್ತೇವೆ. ಮುಂದಿನ ಶಿಬಿರದಲ್ಲಿ ಒಂದು ದಿನ ಪೊರಕೆ ಬಿಟ್ಟು, ಮನೆಯವರು ಒಪ್ಪಿದರೆ ಮಾತ್ರ ಹೆಸರು ಬರೆದುಕೊಂಡು, ಆ ವಹಿಯ ಮೊದಲ ಪುಟವನ್ನು ನಾವೇ ತುಂಬಿ ಪಿಡಿಒ ಅವರ ಮೇಜಿನ ಮೇಲೆ ಇಡೋಣ.