ಯಾವ ಬಡಾವಣೆಯಲ್ಲಿ ಮನೆ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಮನೆಯನ್ನು ಎಲ್ಲಿ ಕಟ್ಟಬೇಕೆಂಬುದನ್ನು ಮಾತ್ರ ಹೇಳದೆ ಬಿಟ್ಟರು. ಅವರ ಕಾಲಕ್ಕೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲವೆಂದು ತೋರುತ್ತದೆ. ತಂದೆಯ ಮನೆಯಿದ್ದ ಕೇರಿಯಲ್ಲಿಯೇ ಮಗನ ಮನೆ. ಕೂಗಳತೆಯಲ್ಲಿ ಬಾವಿ, ಗುಡಿ, ಸಂತೆ. ಇಂದಿನ ಬೆಂಗಳೂರಿನ ಗೃಹಸ್ಥನಿಗಾದರೋ ಸಾಲ, ಬಡ್ಡಿ, ನೋಂದಣಿಯ ಖರ್ಚು ಇವೆಲ್ಲದರ ಲೆಕ್ಕ ಮುಗಿದ ಮೇಲೂ ಉಳಿಯುವ ಪ್ರಶ್ನೆ ಅದೊಂದೇ. ಬಸವನಗುಡಿಯ ಹಳೆಯ ಮನೆಯ ಎರಡು ಕೋಣೆಗಳಲ್ಲಿ ಬಾಡಿಗೆಗೆ ಇರುವುದೋ, ಅಥವಾ ಸರ್ಜಾಪುರದ ರಸ್ತೆಯಲ್ಲಿ ಮೂರು ಕೋಣೆಯ ಸ್ವಂತ ಫ್ಲ್ಯಾಟಿಗೆ ಇಪ್ಪತ್ತು ವರ್ಷ ಕಂತು ಕಟ್ಟುವುದೋ?

ಇಂಥ ಚರ್ಚೆ ನಡೆಯುವ ಮನೆಯೊಳಗೆ ಒಮ್ಮೆ ಕಿವಿಗೊಟ್ಟರೆ ಸಾಕು, ಒಂದೇ ಊರಿನಲ್ಲಿ ಎಷ್ಟು ಊರುಗಳಿವೆಯೆಂಬುದು ತಿಳಿದುಬರುತ್ತದೆ. ಯಜಮಾನನಿಗೆ ಊರೆಂದರೆ ಕಚೇರಿಗೆ ಹೋಗುವ ದಾರಿ. ಆತನ ಪತ್ನಿಗೆ ಅದು ತನ್ನ ಕಚೇರಿ, ಮಕ್ಕಳ ಶಾಲೆ, ಸಂಜೆ ಮನೆಗೆ ಬರುವ ಹೊತ್ತು ಈ ಮೂರರ ಹೊಂದಾಣಿಕೆ. ಹುಡುಗನಿಗೆ ಚೆಂಡನ್ನು ಹೊಡೆಯಲು ಜಾಗ ಬೇಕು. ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕುಳಿತ ತಾಯಿ ಕೇಳುವುದು ಒಂದೇ ಮಾತು:

“ಅಲ್ಲಿ ದೇವಸ್ಥಾನ ಎಷ್ಟು ದೂರವೋ, ಮಗು?”

“ಕಾರಿನಲ್ಲಿ ಹತ್ತೇ ನಿಮಿಷ, ಅಮ್ಮ.”

ಆಕೆ ಸುಮ್ಮನಾಗುತ್ತಾಳೆ. ಕಾರಿನಲ್ಲಿ ಹತ್ತು ನಿಮಿಷವೆಂದರೆ ಕಾರು ನಡೆಸಲಾರದವರಿಗೆ ಎಷ್ಟಾಗುತ್ತದೆಂಬ ಲೆಕ್ಕ ಮನೆ ಮಾರುವವರ ಯಾವ ಜಾಹೀರಾತಿನಲ್ಲಿಯೂ ಇರುವುದಿಲ್ಲ.

ಬಡಾವಣೆಯ ಆಯ್ಕೆಯಿಂದ ಊರಿನ ಸುಖ ಹೆಚ್ಚು ಕಡಮೆಯಾಗುತ್ತದೆಯೇ ಎಂದು ಕೇಳಿದರೆ ಆಗುತ್ತದೆ ಎಂದೇ ಹೇಳಬೇಕು. ಆದರೆ ಅದು ಮನೆಯ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಆಗುವುದಿಲ್ಲ. ಕೈಯಲ್ಲಿ ವಾಹನದ ಕೀಲಿಯಿರುವವನು ಎಲ್ಲಿದ್ದರೂ ತನಗೆ ಬೇಕಾದ ಊರನ್ನು ಅಷ್ಟಿಷ್ಟು ಹುಡುಕಿಕೊಂಡು ಹೋಗಬಲ್ಲ. ಕಾಲ್ನಡಿಗೆಯವರಿಗೆ, ಅಂದರೆ ಮುದುಕರಿಗೆ, ಮಕ್ಕಳಿಗೆ, ಹಗಲೆಲ್ಲ ಮನೆಯಲ್ಲಿರುವ ಹೆಂಗಸರಿಗೆ, ಬಡಾವಣೆಯೇ ಊರು. ವಿಚಿತ್ರವೆಂದರೆ ಆಯ್ಕೆ ಮಾಡುವವನು ಮೊದಲನೆಯವನು. ಅದನ್ನು ಅನುಭವಿಸುವವರು ಉಳಿದವರು.

ಹಳೆಯ ಬಡಾವಣೆಗಳ ಸೊಬಗನ್ನು ಹೊಗಳುವವರು ಸಾಮಾನ್ಯವಾಗಿ ಅಲ್ಲಿಯ ಜನರ ಸಂಸ್ಕೃತಿಯನ್ನು ಹೊಗಳುತ್ತಾರೆ. ಹೊಗಳಿಕೆ ಸಲ್ಲಬೇಕಾದದ್ದು ಕಾಲಿಗೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಪೇಟೆಯ ಇಕ್ಕಟ್ಟಿನ ಓಣಿಗಳಿಂದ ಜನರನ್ನು ಹೊರಗೆ ಕರೆತಂದು ಗಾಳಿ ಬೆಳಕಿನಲ್ಲಿ ನೆಲೆಗೊಳಿಸಬೇಕೆಂಬ ಆತುರದಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಮೈದಳೆದವು. ಆಗ ಮೋಟಾರುಗಳಿರಲಿಲ್ಲ. ಜಟಕಾ ಸಾಕಿದವರು ಕೆಲವರು, ನಡೆಯುವವರೇ ಎಲ್ಲರೂ. ಆದಕಾರಣ ಮಾರುಕಟ್ಟೆ, ಶಾಲೆ, ಗುಡಿ, ಉದ್ಯಾನ ಎಲ್ಲವೂ ನಡಿಗೆಯ ದೂರದಲ್ಲಿ ಬೆಳೆಯಲೇಬೇಕಾಯಿತು. ಗಾಂಧಿಬಜಾರಿನ ಹೂವಿನ ರಾಶಿ, 1943ರಿಂದ ದೋಸೆಯ ಕಾವಲಿ ಆರದ ವಿದ್ಯಾರ್ಥಿ ಭವನ, 1945ರಲ್ಲಿ ಡಿ. ವಿ. ಗುಂಡಪ್ಪನವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಗವಿಪುರದ ಮಾಸ್ತಿಯವರ ಮನೆ, ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ನೆರೆಯುವ ದೊಡ್ಡ ಬಸವಣ್ಣನ ಗುಡಿ: ಇವೆಲ್ಲ ಒಬ್ಬ ಮುದುಕ ಕೊಡೆ ಊರಿಕೊಂಡು ಒಂದು ಸಂಜೆಯಲ್ಲಿ ಸುತ್ತಿ ಬರಬಹುದಾದ ಅಂತರದಲ್ಲಿವೆ. ತತ್ತ್ವ, ದೋಸೆ, ದೇವರು ಮೂರೂ ಹೀಗೆ ಒಂದೆಡೆ ಸೇರಿದ್ದು ಕಾಲಿನ ಕೃಪೆಯಿಂದ.

1948ರಲ್ಲಿ ಜಯನಗರಕ್ಕೆ ಅಸ್ತಿವಾರ ಬಿದ್ದಾಗ ಕಾಲ ಬದಲಾಗಿತ್ತು. ಅದು ಸೈಕಲ್ಲಿನ, ಬಸ್ಸಿನ ಕಾಲ. ರಸ್ತೆಗಳು ಅಗಲವಾದವು, ಅಂತರ ಹೆಚ್ಚಿತು. ಆದರೂ ಬಡಾವಣೆಯನ್ನು ‘ಬ್ಲಾಕು’ಗಳಾಗಿ ಒಡೆದು, ಜನರ ದಿನನಿತ್ಯದ ಅಗತ್ಯಗಳನ್ನು ಹತ್ತಿರದಲ್ಲಿಯೇ ಒದಗಿಸುವ ವಿವೇಕ ಉಳಿದಿತ್ತು. ದೂರವಾಣಿ ಕಾರ್ಖಾನೆ, ಗಡಿಯಾರದ ಕಾರ್ಖಾನೆಗಳ ಸುತ್ತ ಎದ್ದ ಕಾಲೊನಿಗಳಲ್ಲಂತೂ ಕೆಲಸ, ಮನೆ, ಶಾಲೆ, ಆಟದ ಮೈದಾನ ಒಂದೇ ಬೇಲಿಯೊಳಗೆ. ಸೈರನ್ನು ಕೂಗಿದಾಗ ಮನೆಯಿಂದ ಹೊರಟರೂ ಹಾಜರಿ ತಪ್ಪುತ್ತಿರಲಿಲ್ಲ. 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಆರಂಭವಾಯಿತು. ಆಮೇಲೆ ವೈಟ್‌ಫೀಲ್ಡು, ಹೊರವರ್ತುಲ ರಸ್ತೆ. ಉದ್ಯೋಗ ಮುಂದೆ ಓಡಿತು, ಮನೆಗಳು ಅದರ ಹಿಂದೆ ಓಡಿದವು. ಮಾರುಕಟ್ಟೆ, ಉದ್ಯಾನ, ರಂಗಮಂದಿರಗಳು ಏದುಸಿರು ಬಿಡುತ್ತ ಹಿಂದೆಯೇ ಉಳಿದವು. ಇವು ಕಾರಿನ ಬಡಾವಣೆಗಳು. ಇಲ್ಲಿ ಕರಿಬೇವಿಗೂ ವಾಹನ ಹತ್ತಬೇಕು, ಅಥವಾ ಅದನ್ನು ವಾಹನದಲ್ಲಿ ತರಿಸಿಕೊಳ್ಳಬೇಕು. ಹತ್ತು ನಿಮಿಷದಲ್ಲಿ ಬಾಗಿಲಿಗೆ ಕರಿಬೇವು ತಂದುಕೊಡುವ ಹುಡುಗರು ಈಗ ಇದ್ದಾರೆ, ನಿಜ. ಆದರೆ ಕರಿಬೇವಿನ ನೆಪದಲ್ಲಿ ನಾಲ್ಕು ಜನರನ್ನು ಮಾತನಾಡಿಸಿಕೊಂಡು ಬರುತ್ತಿದ್ದವಳಿಗೆ ಬಂದದ್ದು ಕರಿಬೇವು ಮಾತ್ರ.

ಅಗ್ಗದ ದೊಡ್ಡ ಮನೆಗಾಗಿ ದೂರದ ಪ್ರಯಾಣವನ್ನು ಸಹಿಸಿಕೊಳ್ಳುವುದು ಲಾಭದಾಯಕವೇ? ಬ್ರೂನೊ ಫ್ರೈ, ಅಲೋಯಿಸ್ ಸ್ಟುಟ್ಜರ್ ಎಂಬ ಇಬ್ಬರು ಸ್ವಿಸ್ ಅರ್ಥಶಾಸ್ತ್ರಜ್ಞರು ಜರ್ಮನಿಯ ಕುಟುಂಬಗಳ ಅಂಕಿ ಅಂಶಗಳನ್ನು ಹಿಡಿದು ಈ ಪ್ರಶ್ನೆಯನ್ನೇ ವಿಚಾರಿಸಿದರು. ಅವರ ಪ್ರಬಂಧ 2008ರಲ್ಲಿ ಪ್ರಕಟವಾಯಿತು. ಪ್ರಯಾಣದ ಬೇಸರವನ್ನು ಮನೆಯ ಸುಖವೋ ಸಂಬಳದ ಹೆಚ್ಚಳವೋ ತುಂಬಿಕೊಡಬೇಕೆಂಬುದು ಅರ್ಥಶಾಸ್ತ್ರದ ನಿರೀಕ್ಷೆ. ಕಂಡದ್ದು ಬೇರೆ: ಪ್ರಯಾಣ ದೀರ್ಘವಾದಷ್ಟೂ ಜನರ ಜೀವನತೃಪ್ತಿ ಕಡಮೆಯಾಗಿತ್ತು. ಮನೆಯ ನೆಲದ ಹೊಳಪು ಆರು ತಿಂಗಳಲ್ಲಿ ಕಣ್ಣಿಗೆ ಹಳತಾಗುತ್ತದೆ; ಸಿಲ್ಕ್‌ಬೋರ್ಡಿನ ವಾಹನಸಂದಣಿ ಮಾತ್ರ ಪ್ರತಿದಿನವೂ ಹೊಸದು.

ಇನ್ನೊಂದು ಉದಾಹರಣೆ ನಾಟಕಪ್ರಿಯರಿಗೆ ರುಚಿಸೀತು. ಜೆ. ಪಿ. ನಗರದಲ್ಲಿ 2004ರಲ್ಲಿ ಆರಂಭವಾದ ರಂಗಶಂಕರದಲ್ಲಿ ಹೊತ್ತಿಗೆ ಸರಿಯಾಗಿ ನಾಟಕ ಮೊದಲಾಗುತ್ತದೆ. ತಡವಾಗಿ ಬಂದವರಿಗೆ ಬಾಗಿಲು ತೆರೆಯುವುದಿಲ್ಲ. ಒಳ್ಳೆಯ ಶಿಸ್ತು. ಆದರೆ ಇದರ ಭೂಗೋಳವನ್ನು ಗಮನಿಸಬೇಕು. ಜಯನಗರದವನು ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೊರಟರೂ ಸಮಯಕ್ಕೆ ತಲಪುತ್ತಾನೆ. ಮಾರತ್ತಹಳ್ಳಿಯವನು ಕಚೇರಿಯಲ್ಲಿ ತಲೆನೋವೆಂದು ಸುಳ್ಳು ಹೇಳಿ ಹೊರಡಬೇಕು. ಹೊರಟು, ದಾರಿಯಲ್ಲಿ ಆ ತಲೆನೋವನ್ನು ನಿಜವಾಗಿಯೇ ಸಂಪಾದಿಸಬೇಕು. ಇಬ್ಬರೂ ಒಂದೇ ನಗರದ ನಿವಾಸಿಗಳು, ಒಂದೇ ರಂಗಮಂದಿರದ ವಾರಸುದಾರರು!

ಇಷ್ಟೆಲ್ಲ ಹೇಳಿದರೂ ಬಡಾವಣೆಯ ಹೆಸರನ್ನೇ ನೆಚ್ಚುವಂತಿಲ್ಲ. ಹೆಸರಿಗಿಂತ ಮುಖ್ಯವಾದದ್ದು ಬೀದಿ. ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರಶಾಸ್ತ್ರಜ್ಞರು 1960ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಮೂರು ಬೀದಿಗಳನ್ನು ಪರೀಕ್ಷಿಸಿದರು. ನೋಟಕ್ಕೆ ಮೂರೂ ಒಂದೇ ಬಗೆಯವು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನಗಳು, ಇನ್ನೊಂದರಲ್ಲಿ 8,000, ಮತ್ತೊಂದರಲ್ಲಿ 16,000. ಮೊದಲನೆಯ ಬೀದಿಯವರಿಗೆ ತಮ್ಮ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರಿದ್ದರು. ಕೊನೆಯ ಬೀದಿಯವರಿಗೆ ಒಬ್ಬ ಸ್ನೇಹಿತನೂ ಪೂರ್ತಿಯಾಗಿ ಇರಲಿಲ್ಲ, ಸರಾಸರಿ 0.9! ನಿಮ್ಮ ಮನೆ ಎಲ್ಲಿಯವರೆಗೆ ಎಂದು ಕೇಳಿದಾಗ ಮೊದಲಿನವರು ಇಡೀ ಬೀದಿಯನ್ನು ತಮ್ಮದೆಂದು ತೋರಿಸಿದರು. ಕೊನೆಯವರು ತಮ್ಮ ಕಟ್ಟಡದ ಬಾಗಿಲಿಗೆ ನಿಲ್ಲಿಸಿದರು. ಬೆಂಗಳೂರಿನವರಿಗೆ ಇದಕ್ಕೆ ಸಾಕ್ಷ್ಯ ಬೇಕಾಗಿಲ್ಲ. ಮಲ್ಲೇಶ್ವರದಲ್ಲಿಯೇ ಅಡ್ಡರಸ್ತೆಯ ಮನೆಯ ಜಗಲಿಯಲ್ಲಿ ಮಾತು ಕೇಳಿಸುತ್ತದೆ. ಮುಖ್ಯರಸ್ತೆಯ ಮನೆಯ ಜಗಲಿಯಲ್ಲಿ ಹಾರನ್ನು ಮಾತ್ರ.

ಇತ್ತ ಹೊಸ ಬಡಾವಣೆಗಳವರ ವಾದವನ್ನೂ ಕೇಳದಿರುವುದು ನ್ಯಾಯವಲ್ಲ. ದೊಡ್ಡ ಅಪಾರ್ಟ್‌ಮೆಂಟಿನ ಕೋಟೆಯೊಳಗೆ ಹುಡುಗರು ವಾಹನದ ಭಯವಿಲ್ಲದೆ ಕತ್ತಲಾಗುವವರೆಗೆ ಆಡುತ್ತಾರೆ. ಇಂದಿನ ಬಸವನಗುಡಿಯ ಎಷ್ಟು ಬೀದಿಗಳಲ್ಲಿ ಅದು ಸಾಧ್ಯ? ಗಣೇಶನ ಹಬ್ಬ, ರಾಜ್ಯೋತ್ಸವಗಳು ಅಲ್ಲಿಯೂ ಸಂಭ್ರಮದಿಂದ ನಡೆಯುತ್ತವೆ. ಬೇರೆ ಬೇರೆ ಪ್ರಾಂತಗಳಿಂದ ಬಂದ ಅಜ್ಜಂದಿರು ಉದ್ಯಾನದ ಒಂದೇ ಬೆಂಚಿನಲ್ಲಿ ಕುಳಿತು, ಅರ್ಧ ಅರ್ಥವಾದ ಭಾಷೆಯಲ್ಲಿ ಪೂರ್ತಿ ಸ್ನೇಹ ಬೆಳೆಸುತ್ತಾರೆ. ಹಳೆಯ ವಠಾರದಲ್ಲಿ ಒಂದು ನಲ್ಲಿಗೆ ಎಂಟು ಸಂಸಾರಗಳು ಸಾಲುನಿಂತದ್ದನ್ನು ಮರೆತು ವಠಾರದ ಆತ್ಮೀಯತೆಯನ್ನಷ್ಟೇ ಕೊಂಡಾಡುವುದು ಸುಲಭ.

ನಲ್ಲಿಯ ಮಾತು ಬಂದುದರಿಂದ ಇದನ್ನೂ ಹೇಳಬೇಕು. 2007ರಲ್ಲಿ ನಗರದ ಆಡಳಿತಕ್ಕೆ 110 ಹಳ್ಳಿಗಳನ್ನು ಸೇರಿಸಿಕೊಂಡರು. ಕಾವೇರಿಯ ನೀರು ಅವುಗಳನ್ನು ಸೇರಲು ಬಹುಕಾಲ ಹಿಡಿಯಿತು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ, ನಡುನಗರದ ಮನೆಗಳಿಗೆ ಕಾವೇರಿ ಬರುತ್ತಿದ್ದರೆ, ಅಂಚಿನ ಭಾರಿ ಕಟ್ಟಡಗಳ ನಿವಾಸಿಗಳು ಟ್ಯಾಂಕರಿನ ದಾರಿ ಕಾಯುತ್ತಿದ್ದರು. ಅದಕ್ಕೆ ಮೊದಲು, 2022ರ ಸೆಪ್ಟೆಂಬರಿನಲ್ಲಿ, ನೀರು ಹೆಚ್ಚಾಗಿ ಕೋಟಿಗಟ್ಟಲೆ ಬೆಲೆಯ ಮನೆಗಳವರು ಟ್ರ್ಯಾಕ್ಟರು ಹತ್ತಿ ಹೊರಬಂದುದೂ ಉಂಟು. ಕೆರೆಗೆ ಹೋಗುವ ಕಾಲುವೆಯ ದಾರಿಯಲ್ಲಿ ಮನೆ ಕಟ್ಟಿದರೆ ನೀರು ತನ್ನ ಹಳೆಯ ವಿಳಾಸವನ್ನು ಹುಡುಕಿಕೊಂಡೇ ಬರುತ್ತದೆ.

ಎಲ್ಲಕ್ಕಿಂತ ಕಹಿಯಾದ ಸಂಗತಿಯೊಂದಿದೆ. ‘ಆಯ್ಕೆ’ ಎಂಬ ಮಾತನ್ನೇ ಆಡಲಾಗದ ಜನ ಊರಿನಲ್ಲಿ ಬಹಳ. ಬಸವನಗುಡಿ, ಮಲ್ಲೇಶ್ವರಗಳನ್ನು ರಚಿಸಿದಾಗ ನಿವೇಶನಗಳನ್ನು ಜಾತಿ ಮತಗಳ ಪ್ರಕಾರ ಭಾಗಮಾಡಿ ಹಂಚಿದ್ದರು. ಇಂದು ಅಂಥ ಕಟ್ಟಳೆಯಿಲ್ಲ. ಆದರೂ ಬಾಡಿಗೆ ಮನೆ ಕೇಳಲು ಹೋದವರಿಗೆ ನೀರು, ವಿದ್ಯುತ್ತಿನ ವಿವರಗಳಿಗಿಂತ ಮೊದಲು ಎದುರಾಗುವ ಪ್ರಶ್ನೆ, “ತಾವು ಯಾವ ಜನ?” ಉತ್ತರ ಒಪ್ಪಿಗೆಯಾಗದಿದ್ದರೆ ಮನೆ ಆಗಲೇ ಬೇರೆಯವರಿಗೆ ಗೊತ್ತಾಗಿಬಿಟ್ಟಿರುತ್ತದೆ. ಗಾಂಧಿಬಜಾರಿನ ಸಂಜೆ ಎಷ್ಟು ಸೊಗಸೆಂದು ಅಂಥವರಿಗೆ ವರ್ಣಿಸುವುದು ಹಸಿದವನಿಗೆ ಅಡಿಗೆಯ ಪುಸ್ತಕವನ್ನು ಓದಿ ಹೇಳಿದಂತೆ.

ಆಯ್ಕೆಯ ಭಾಗ್ಯ ದೊರೆತವರೂ ಊರನ್ನು ಪೂರ್ತಿ ಸವಿಯುವರೆಂದು ನೆಚ್ಚುವಂತಿಲ್ಲ. ನಲವತ್ತು ವರ್ಷ ಬಸವನಗುಡಿಯಲ್ಲಿದ್ದು ಶಿವಾಜಿನಗರದ ರಸೆಲ್ ಮಾರುಕಟ್ಟೆಯನ್ನು ಕಣ್ಣಿಂದ ಕಾಣದವರಿದ್ದಾರೆ. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟ ಕರಗ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿ ಬರುತ್ತದೆಂದು ಪತ್ರಿಕೆಯಲ್ಲಿ ಓದಿದವರೇ ಹೆಚ್ಚು. ಎದ್ದು ಹೋಗಿ ನೋಡಿದವರು ಕಡಮೆ. ತೀರ ಅನುಕೂಲವಾದ ಬಡಾವಣೆಗೆ ಇದೊಂದು ದೋಷ: ಅದು ತನ್ನ ನಿವಾಸಿಯನ್ನು ಹೊಸ್ತಿಲು ದಾಟಿಸುವುದೇ ಇಲ್ಲ. ಎಲ್ಲ ಸಿಕ್ಕುವ ಮನೆಯ ಮಗ ಊರು ತಿರುಗದಂತೆ.

ಈ ಗೋಡೆಗಳನ್ನು ಈಗ ಸ್ವಲ್ಪಮಟ್ಟಿಗೆ ಕೆಡವುತ್ತಿರುವುದು ರೈಲು ಮತ್ತು ಬಸ್ಸು. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಮಾತ್ರ ಓಡಿದ ಮೆಟ್ರೋ 2023ರಲ್ಲಿ ವೈಟ್‌ಫೀಲ್ಡನ್ನೂ, 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನೂ ಹಳೆಯ ಊರಿಗೆ ಹೊಲಿಯಿತು. ಮನೆ ಹುಡುಕುವವರು ಈಗ ಬಡಾವಣೆಯ ಹೆಸರಿಗಿಂತ ನಿಲ್ದಾಣದ ಹೆಸರನ್ನು ಮೊದಲು ಕೇಳುವುದು ಕಾಣುತ್ತಿದೆ, ಕೇಳುವುದೂ ಸರಿಯೇ. ಆದರೆ ನಿಲ್ದಾಣದಿಂದ ಮನೆಯವರೆಗಿನ ಕಾಲುದಾರಿಯಲ್ಲಿ ಕಲ್ಲುಚಪ್ಪಡಿ ಎದ್ದಿದೆಯೇ, ದೀಪವಿದೆಯೇ, ಅರುವತ್ತು ದಾಟಿದವರು ಕೈ ಹಿಡಿಯುವವರಿಲ್ಲದೆ ನಡೆಯಬಹುದೇ ಎಂಬುದನ್ನು ಮುಂಗಡ ಕೊಡುವ ಮೊದಲು ಒಂದು ಸಂಜೆ, ಅದೂ ಮಳೆ ಬಂದ ಸಂಜೆ, ಹೋಗಿ ನೋಡಿಬರುವವರು ಎಷ್ಟು ಮಂದಿ? ಹೋಗುವಾಗ ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗುವವರು ಇನ್ನೆಷ್ಟು ಮಂದಿ?

2023ರ ಜೂನಿನಲ್ಲಿ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲವೆಂದಾಯಿತು. ಅದರ ಖರ್ಚುವೆಚ್ಚದ ವಾದ ಏನೇ ಇರಲಿ, ಬಡಾವಣೆಯ ಆಯ್ಕೆಯಲ್ಲಿ ಮತ ಕೇಳಿಸಿಕೊಳ್ಳದಿದ್ದ ಎಷ್ಟೋ ಮಂದಿಗೆ ಅಂದಿನಿಂದ ಊರು ದೊಡ್ಡದಾಯಿತು. ಮಗನ ಕಾರಿಗೆ ಕಾಯಬೇಕಾಗಿಲ್ಲ, ಸೊಸೆಯ ಕೈಯಲ್ಲಿ ಚಿಲ್ಲರೆ ಕೇಳಬೇಕಾಗಿಲ್ಲ. ಕಾರ್ತಿಕದ ಕಡೆಯ ಸೋಮವಾರ ಮಧ್ಯಾಹ್ನ ಯಲಹಂಕದ ಕಡೆಯಿಂದಲೋ ಕೆಂಗೇರಿಯ ಕಡೆಯಿಂದಲೋ ಇಬ್ಬರು ಮುದುಕಿಯರು ಬಸ್ಸು ಹತ್ತಿ ಬಂದು, ಬಸವಣ್ಣನಿಗೆ ಕೈಮುಗಿದು, ಒಂದು ಸೇರು ಕಡಲೆಕಾಯಿಯ ಬೆಲೆಗೆ ಕಾಲುಗಂಟೆ ಜಗಳವಾಡಿ, ಚೀಲವನ್ನು ಮಡಿಲಿನಲ್ಲಿಟ್ಟುಕೊಂಡು, ಸಿಪ್ಪೆಯನ್ನು ಸೆರಗಿಗೆ ಹಾಕಿಕೊಳ್ಳುತ್ತ ಕತ್ತಲಾಗುವ ಮುನ್ನ ಮನೆ ಸೇರಬಹುದು.